'ಪ್ಯಾರಿಷ್' ಎಂಬ ಪದವೂ ನಮ್ಮ ಚಿನ್ನದ ಗಣಿಯೂ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಾವೆಲ್ಲರೂ ಎಡೆಬಿಡದೆ ಆಡುತ್ತಿರುವ ಒಂದು ಪದವುಂಟು: 'ಪ್ಯಾರಿಷ್'. ಕನ್ನಡದಲ್ಲಿ ಇದನ್ನು ಧರ್ಮಕೇಂದ್ರವೆನ್ನುತ್ತೇವೆ. ನಮ್ಮಲ್ಲಿ ಬಹುಮಂದಿಯ ಮನೆಮಾತಾದ ತಮಿಳಿನಲ್ಲಿ ಇದು 'ಪಂಗು', ಎಂದರೆ ಪಾಲು. ಮಂಗಳೂರಿನ ಕೊಂಕಣಿ ಬಾಂಧವರು 'ಫಿರ್ಗಜ್' ಎನ್ನುವರು. ಪೋರ್ಚುಗೀಸರಿಂದ ಬಂದ ಆ ಮಾತಿನ ಬೇರು, ಧರ್ಮಸಭೆಯ ಮಕ್ಕಳು ಎಂಬರ್ಥದ ಲತೀನ್ ನುಡಿಯಲ್ಲಿದೆ. ಕೇಂದ್ರ, ಪಾಲು, ಮಕ್ಕಳು: ಮೂರರಲ್ಲಿಯೂ ನೆಲೆಯೂರಿದವರ ಭಾವವೇ ಇದೆ. 'ಪ್ಯಾರಿಷ್' ಪದದ ಮೂಲವಾದರೋ ಇದಕ್ಕೆ ತೀರ ವಿರುದ್ಧವಾದುದು.

ಗ್ರೀಕ್ ಭಾಷೆಯಲ್ಲಿ 'ಪಾರಾ' ಎಂದರೆ ಪಕ್ಕ, 'ಓಯ್ಕೋಸ್' ಎಂದರೆ ಮನೆ. ಇವೆರಡೂ ಕೂಡಿ 'ಪಾರೋಯ್ಕೋಸ್' ಆಯಿತು. ಮೊದಲಿಗೆ ನೆರೆಯವನೆಂಬ ಅರ್ಥವಿದ್ದರೂ, ಕಾಲಕ್ರಮದಲ್ಲಿ ಪರಸ್ಥಳದಿಂದ ಬಂದು ಪಟ್ಟಣದಲ್ಲಿ ವಾಸಿಸುತ್ತಿದ್ದು ಅಲ್ಲಿಯ ಪೌರತ್ವವಿಲ್ಲದವನಿಗೆ ಆ ಹೆಸರು ನಿಂತಿತು. ಅಂಥವನ ತಾತ್ಕಾಲಿಕ ವಾಸವೇ 'ಪಾರೋಯ್ಕಿಯ'. ಅದು ಲತೀನಿಗೆ ಹೋಗಿ, ಫ್ರೆಂಚಿನಲ್ಲಿ ರೂಪ ಬದಲಿಸಿ, 1300ರ ಸುಮಾರಿಗೆ ಇಂಗ್ಲಿಷನ್ನು ಸೇರಿತು.

ಹಳೆಯ ಒಡಂಬಡಿಕೆಯನ್ನು ಗ್ರೀಕಿಗೆ ತಂದವರು, ಬರಗಾಲದಲ್ಲಿ ಈಜಿಪ್ಟಿಗೆ ಹೋಗಿ ತಂಗಿದ ಅಬ್ರಹಾಮನ ವೃತ್ತಾಂತದಲ್ಲಿ ಈ ಮಾತನ್ನೇ ಬಳಸಿದರು. ಸಂತ ಪೇತ್ರರ ಮೊದಲನೆಯ ಪತ್ರದಲ್ಲಿ ಕ್ರೈಸ್ತರ ಇಹಲೋಕವಾಸಕ್ಕೆ ಇದೇ ಹೆಸರು. ಎಮ್ಮಾವಿನ ದಾರಿಯಲ್ಲಿ ಶಿಷ್ಯರು ಪುನರುತ್ಥಾನರಾದ ಪ್ರಭುವನ್ನು ಗುರುತಿಸದೆ, ಜೆರುಸಲೇಮಿಗೆ ಬಂದ ಪರಸ್ಥಳದವನೆಂದು ಬಗೆದು ಪ್ರಶ್ನಿಸುವಾಗ ಸಂತ ಲೂಕರು ಬಳಸುವ ಕ್ರಿಯಾಪದವೂ ಇದರದೇ ಕುಲದ್ದು. ಮೊದಲನೆಯ ಶತಮಾನದ ಕೊನೆಯಲ್ಲಿ ರೋಮಿನ ಸಂತ ಕ್ಲೆಮೆಂಟರ ಪತ್ರ ಕೊರಿಂಥಕ್ಕೆ ಹೋದಾಗ, ಎರಡು ಊರಿನ ಸಭೆಗಳೂ ಅಲ್ಲಲ್ಲಿ ತಂಗಿರುವ ಸಭೆಗಳೆಂದೇ ಕರೆಯಲ್ಪಟ್ಟವು. ರೋಮ್ ಕೂಡ ಒಂದು ತಂಗುದಾಣವೇ!

ಈ ಅರ್ಥವನ್ನು ತಿಳಿಯಲು ನಮಗೆ ನಿಘಂಟು ಬೇಕೇ? 1880ರಲ್ಲಿ ಜಾನ್ ಟೇಲರ್ ಕಂಪನಿಯು ಇಲ್ಲಿ ಕಾಲಿಟ್ಟ ಮೇಲೆ ಆರ್ಕಾಟಿನಿಂದ, ಸೇಲಮ್ಮಿನಿಂದ, ಚಿತ್ತೂರಿನಿಂದ ನಮ್ಮ ಹಿರಿಯರು ಬಂದರು. ಕಾರ್ನ್‌ವಾಲಿನವರೂ ಇಟಲಿಯವರೂ ಬಂದರು. ನಮ್ಮ ಪೇಟೆಯ ಹೆಸರೇ ಬ್ರಿಟಿಷ್ ರೆಸಿಡೆಂಟರಾಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ನರದು. ಕಾರ್ಮಿಕರು ಬಾಳಿದ ಲೈನಿನ ಮನೆಗಳು ಕಂಪನಿಯವು, ಕೆಲಸವಿರುವವರೆಗೆ ಸೂರು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕಿಳಿದು ಚಿನ್ನ ತೆಗೆದವನಿಗೆ ಮೇಲಿನ ಒಂದು ಚದರಡಿ ನೆಲವೂ ಸ್ವಂತವಲ್ಲ. ಗ್ರೀಕರ ಪಾರೋಯ್ಕೋಸ್ ಇವನಲ್ಲದೆ ಮತ್ತಾರು?

1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿದವು, 2001ರಲ್ಲಿ ಮುಚ್ಚಿದವು. ಅನಂತರ ಕೆಲವರು ಬೆಂಗಳೂರಿಗೆ ಮನೆ ಬದಲಿಸಿದರು. ಇಲ್ಲಿಯೇ ಉಳಿದವರಲ್ಲಿ ಅನೇಕರು ನಸುಕಿನಲ್ಲೆದ್ದು ಮಾರಿಕುಪ್ಪಂ ರೈಲು ಹಿಡಿದು ದುಡಿಯಲು ಹೋಗಿ ಇರುಳಿಗೆ ಮರಳುತ್ತಾರೆ. ಧರ್ಮಕೇಂದ್ರ ಕರಗುತ್ತಿದೆಯೆಂದು ಹಿರಿಯರು ಕೊರಗುವುದನ್ನು ನಾವು ಕೇಳಿದ್ದೇವೆ. ಕೊರಗು ಸಹಜವೇ. ಆದರೆ ಈ ಹೆಸರು ಹುಟ್ಟಿದ್ದೇ ನೆಲೆ ತಪ್ಪಿದವರಿಗಾಗಿ ಎಂಬುದನ್ನು ಮರೆಯಲಾಗದು.

1983ರ ಧರ್ಮಸಭಾ ಸಂಹಿತೆಯು ಧರ್ಮಕೇಂದ್ರವನ್ನು ಸ್ಥಿರವಾಗಿ ಸ್ಥಾಪಿತವಾದ ಸಮುದಾಯವೆನ್ನುತ್ತದೆ. ಅಲೆಮಾರಿಯ ಪದ ಸ್ಥಿರತೆಯ ಹೆಸರಾದುದು ಭಾಷೆಯ ವಿನೋದ. ಆದರೂ ಎಲ್ಲಿಯೂ ನೆಲೆಯಿಲ್ಲದವನಿಗೆ, ಅವನು ಸದ್ಯ ತಂಗಿರುವ ಊರಿನ ಗುರುವೇ ಸ್ವಂತ ಗುರುವೆಂದು ಅದೇ ಸಂಹಿತೆ ಹೇಳುತ್ತದೆ. ಇನ್ನೊಂದು ವಿಧಿಯೂ ಉಂಟು. ಇಲ್ಲಿ ಜ್ಞಾನಸ್ನಾನ ಪಡೆದವರು ಬೆಂಗಳೂರಿನಲ್ಲಾಗಲಿ ಹೊರದೇಶದಲ್ಲಾಗಲಿ ವಿವಾಹವಾದರೆ ಆ ಸಮಾಚಾರವು ಜ್ಞಾನಸ್ನಾನವಾದ ದೇವಾಲಯಕ್ಕೆ ಮರಳಿ ಬರಬೇಕು. ಅವರ ಹೆಸರಿನೊಡನೆ ಅದನ್ನು ನಮ್ಮ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು.