ಡಿಕ್ಷನರಿಯಲ್ಲಿ ನಾವು ಓದದೆ ಬಿಟ್ಟದ್ದು

ನಮ್ಮ ಬಳಗದ ಬಹುಪಾಲು ಜನರ ಹೊಟ್ಟೆಪಾಡು ನಡೆಯುವುದು 'ಡೆವಲಪರ್' ಎಂಬ ಪದದ ಮೇಲೆ. ಅಮೆರಿಕಕ್ಕೆ ಬಂದು ಹದಿನೈದು ವರ್ಷವಾದ ಮೇಲೆ, ಆರನೇ ಗ್ರೇಡಿನ ಮಗಳು ಊಟಕ್ಕೆ ಕೂತಾಗ, "ಅದು ಡೆವಲಪರ್ ಅಲ್ಲಪ್ಪಾ, ಡಿವೆಲಪರ್. 'ವೆ' ಮೇಲೆ ಒತ್ತಿ ಹೇಳಬೇಕು" ಎಂದು ತಿದ್ದಿದಳು. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಊರಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದ ಹಳೆಯ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ತೆಗೆದು ನೋಡಿದೆವು. ಪದದ ಪಕ್ಕದಲ್ಲೇ, ಎರಡು ಓರೆಗೆರೆಗಳ ನಡುವೆ, 'ವೆ'ಗೆ ಮುಂಚೆ ಇರುವೆಯಷ್ಟು ಸಣ್ಣ ನೆಟ್ಟಗೆರೆ. ಕಾಲೇಜಿನಲ್ಲಿ ಆ ಗೆರೆಗಳನ್ನು ದಾಟಿ ನೇರವಾಗಿ ಅರ್ಥಕ್ಕೆ ಹಾರಿದವರು ನಾವು.

ಈ ಡಿಕ್ಷನರಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಎಂದೇ ನಾವು ಎಣಿಸಿದ್ದೆವು. ಅದರ ತವರು ಟೋಕಿಯೊ. ಅದಕ್ಕಿಂತ ಹಿರಿಯ ಇನ್ನೊಂದರ ಬೇರು ನಮ್ಮ ಕಡೆಯೇ, ಢಾಕಾದಲ್ಲಿದೆ.

ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಮೈಕೇಲ್ ವೆಸ್ಟ್ ಅವರನ್ನು ಕಾಡಿದ ಪ್ರಶ್ನೆ ಬಹಳ ಸರಳ. ಇಂಗ್ಲಿಷ್ ಕಲಿಯಲು ಸೇರಿದ ಬಂಗಾಳಿ ಹುಡುಗರಲ್ಲಿ ಎಷ್ಟೋ ಮಂದಿ ನಡುವೆಯೇ ಶಾಲೆ ಬಿಡುತ್ತಾರೆ; ಬಿಟ್ಟವನ ಕೈಗೆ ದಕ್ಕಿದ್ದೇನು? ಇದಕ್ಕೆ ಅವರು ವಿಮೆಯ ಭಾಷೆಯಿಂದ 'ಸರೆಂಡರ್ ವ್ಯಾಲ್ಯೂ' ಎಂಬ ಮಾತನ್ನೇ ಎರವಲು ತಂದರು. (ಎಲ್‌ಐಸಿ ಪಾಲಿಸಿ ಅರ್ಧಕ್ಕೆ ಬಿಟ್ಟವರಿಗೆ ವಿವರಿಸಬೇಕಿಲ್ಲ.) 1926ರ 'ಬೈಲಿಂಗ್ವಲಿಸಂ' ಪುಸ್ತಕದಲ್ಲಿ ಅವರು ಕೊಟ್ಟ ಉತ್ತರ: ಮೊದಲು ಓದಲು ಕಲಿಸಿ. ಅರ್ಧಕ್ಕೆ ಬಿಟ್ಟರೂ ಓದು ಉಳಿಯುತ್ತದೆ.

ಓದುವವನಿಗೆ ಡಿಕ್ಷನರಿ ಬೇಕು. ಆಗಿನ ಡಿಕ್ಷನರಿಗಳಲ್ಲಿ ಒಂದು ಪದ ಹುಡುಕಿದರೆ ಅದಕ್ಕಿಂತ ಕಷ್ಟದ ಎರಡು ಪದ ಎದುರಾಗುತ್ತಿದ್ದವು. 1935ರಲ್ಲಿ ವೆಸ್ಟ್, ಎಂಡಿಕಾಟ್ ಎಂಬವರ ಜೊತೆಗೂಡಿ ತಂದ 'ನ್ಯೂ ಮೆಥಡ್ ಇಂಗ್ಲಿಷ್ ಡಿಕ್ಷನರಿ'ಯಲ್ಲಿ ಸುಮಾರು 24,000 ಪದ-ನುಡಿಗಟ್ಟುಗಳ ಅರ್ಥವನ್ನು ಕೇವಲ 1,490 ಪದಗಳಲ್ಲಿ ಹೇಳಿದರು. ಪುಟ್ಟ ಇನ್‌ಸ್ಟ್ರಕ್ಷನ್ ಸೆಟ್‌ನಿಂದ ಇಡೀ ಯಂತ್ರ ನಡೆಸುವ ಈ ಉಪಾಯ ನಮ್ಮಂಥ ಕಂಪ್ಯೂಟರಿನವರಿಗೆ ತಕ್ಷಣ ಇಷ್ಟವಾಗುತ್ತದೆ. 1978ರ ಲಾಂಗ್‌ಮನ್ ಡಿಕ್ಷನರಿ ಸುಮಾರು 2,000 ಪದಗಳೊಂದಿಗೆ ಹಿಡಿದದ್ದೂ ಇದೇ ದಾರಿ.

ಟೋಕಿಯೊದ ಕಥೆ ಬೇರೆ. 1922ರಲ್ಲಿ ಜಪಾನ್ ಸರ್ಕಾರದ ಸಲಹೆಗಾರರಾಗಿ ಹೋದ ಹೆರಾಲ್ಡ್ ಪಾಮರ್, ಮೊದಲು ಕಿವಿ ಮತ್ತು ನಾಲಿಗೆ, ಆಮೇಲೆ ಪುಸ್ತಕ ಎನ್ನುವವರು. ಅವರ ಪದಸಂಗ್ರಹದ ಕೆಲಸಕ್ಕೆ ಸೇರಿದ ಮೇಷ್ಟ್ರು ಎ.ಎಸ್. ಹಾರ್ನ್‌ಬಿ. ಪದದ ಅರ್ಥ ಗೊತ್ತಿದ್ದರೂ ವಾಕ್ಯ ಕಟ್ಟುವಾಗ ವಿದ್ಯಾರ್ಥಿ ಎಡವುತ್ತಾನೆ ಎಂಬುದು ಅವರಿಗೆ ಕ್ಲಾಸಿನಲ್ಲೇ ತಿಳಿದಿತ್ತು. 'ಹಿ ಸಜೆಸ್ಟೆಡ್ ಮಿ ಟು ಗೋ' ಎಂದು ನಾವು ಇವತ್ತಿಗೂ ಇಮೇಲಿನಲ್ಲಿ ಬರೆಯುತ್ತೇವಲ್ಲ, ಅಂಥ ಎಡವು. ಹಾಗಾಗಿ ಕ್ರಿಯಾಪದಗಳಿಗೆ 25 ವಾಕ್ಯಮಾದರಿಗಳನ್ನು ಗುರುತಿಸಿ, ಯಾವ ಕ್ರಿಯಾಪದ ಯಾವುದಕ್ಕೆ ಹೊಂದುತ್ತದೆಂದು ತೋರಿಸಿದರು. ಗೇಟನ್‌ಬಿ, ವೇಕ್‌ಫೀಲ್ಡ್ ಜೊತೆಗಿದ್ದರು. 1940ರಲ್ಲಿ ಕೆಲಸ ಮುಗಿಯಿತು. 1941ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಜಪಾನ್ ನಡುವೆ ಯುದ್ಧ ಶುರುವಾಗಿ ಹಾರ್ನ್‌ಬಿ ಬಂಧನದಲ್ಲಿ ಕೂತರು, ಮರುವರ್ಷ ಸ್ವದೇಶಕ್ಕೆ ಮರಳಿದರು. ಅದೇ 1942ರಲ್ಲಿ, ಶತ್ರುದೇಶದವನ ಇಂಗ್ಲಿಷ್ ಡಿಕ್ಷನರಿಯನ್ನು ಟೋಕಿಯೊದ ಕೈತಾಕುಷಾ ಪ್ರಕಾಶನ ಅಚ್ಚು ಹಾಕಿತು! ಆ ಪುಟಗಳನ್ನೇ ಫೋಟೋ ತೆಗೆದು ಆಕ್ಸ್‌ಫರ್ಡ್ 1948ರಲ್ಲಿ ಪ್ರಕಟಿಸಿತು.

ಇನ್ನು ಆ ಓರೆಗೆರೆಗಳ ನಡುವಿನ ಉಚ್ಚಾರ. ಅದರ ಮೂಲಪುರುಷ ಲಂಡನ್ನಿನ ಡೇನಿಯಲ್ ಜೋನ್ಸ್, ಪಾಮರ್ ಒಮ್ಮೆ ಕೆಲಸ ಮಾಡಿದ್ದು ಇವರ ಕೈಕೆಳಗೆ. 1917ರ ತಮ್ಮ ಉಚ್ಚಾರಣಾ ನಿಘಂಟಿನಲ್ಲಿ ಅವರು ದಾಖಲಿಸಿದ್ದು ದಕ್ಷಿಣ ಇಂಗ್ಲೆಂಡಿನಲ್ಲಿ, ಗಂಡಸರು ದುಬಾರಿ ಬೋರ್ಡಿಂಗ್ ಶಾಲೆಗಳಲ್ಲಿ ಓದಿದ್ದ ಮನೆತನಗಳ ಮಾತನ್ನು. ಇದು ಒಳ್ಳೆಯದು, ಅದು ಕೆಟ್ಟದ್ದು ಎಂದು ತೀರ್ಪು ಕೊಡುವುದು ತನ್ನ ಕೆಲಸವಲ್ಲ ಎಂದು ಅವರೇ ಬರೆದಿದ್ದರು. ಆದರೆ ದೂರದಲ್ಲಿ ಕೂತು ಕಲಿಯುವವನಿಗೆ ಅಚ್ಚಾದದ್ದೆಲ್ಲ ಕಾನೂನೇ. ಅಷ್ಟು ಸಣ್ಣ ಗುಂಪಿನ ನಾಲಿಗೆ ಲೋಕಕ್ಕೆಲ್ಲ ಅಳತೆಗೋಲಾದದ್ದು ನಮಗೆ ಈಗಲೂ ಇರುಸುಮುರುಸು. ಹಾಗಂತ ನಮ್ಮ 'ಡೆವಲಪರ್' ತಪ್ಪನ್ನು ಜೋನ್ಸ್ ತಲೆಗೆ ಕಟ್ಟುವಂತಿಲ್ಲ: ಲಂಡನ್, ಶಿಕಾಗೊ, ಸಿಡ್ನಿ ಎಲ್ಲ ಕಡೆಯೂ ಒತ್ತು 'ವೆ' ಮೇಲೇ.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಯಾವ ಅಕ್ಷರವನ್ನು ಒತ್ತಿದರೂ ಪದ ಬದಲಾಗದು. ಇಂಗ್ಲಿಷಿನಲ್ಲಿ ಒತ್ತು ಬೀಳದ ಸ್ವರ ಬಾಡಿಹೋಗುತ್ತದೆ. 'ಫೋಟೊಗ್ರಾಫ್'ನಲ್ಲಿ ಮೊದಲಲ್ಲಿದ್ದ ಒತ್ತು 'ಫಟಾಗ್ರಫರ್' ಆದಾಗ ಎರಡನೆಯದಕ್ಕೆ ಜಾರಿ, ಇಡೀ ಪದದ ಮುಖವೇ ಬದಲಾಗುತ್ತದೆ. ಇದನ್ನು ಕಣ್ಣಿನಿಂದ ಕಲಿಯುವುದು ಹೇಗೆ? ನಮ್ಮ ಮೇಷ್ಟ್ರು ವೆಸ್ಟ್ ಹೆಸರು ಕೇಳಿದ್ದರೋ ಇಲ್ಲವೋ, ನಾವು ನಡೆದದ್ದು ಅವರ ದಾರಿಯಲ್ಲೇ: ಓದಿದೆವು, ಕೇಳಲಿಲ್ಲ. ಆ ಓದಿನ ಸರೆಂಡರ್ ವ್ಯಾಲ್ಯೂನಿಂದಲೇ ಎಂಎಸ್ ಆಯಿತು, ವೀಸಾ ಬಂತು, ಮನೆಯಾಯಿತು.

ಈಗ ಆಫೀಸಿನಲ್ಲಿ ನೆನಪಿಟ್ಟು 'ಡಿವೆಲಪರ್' ಅನ್ನುತ್ತೇವೆ. ಭಾನುವಾರ ಊರಿಗೆ ಫೋನ್ ಮಾಡಿದಾಗ, ಅಮ್ಮನ ಹತ್ತಿರ ಮಾತ್ರ ಅದು ತಾನಾಗಿ 'ಡೆವಲಪರ್' ಆಗಿಬಿಡುತ್ತದೆ. ಮಗಳು ಪಕ್ಕದ ಕೋಣೆಯಿಂದ ಕೇಳಿಸಿಕೊಂಡರೂ ಈಚೆಗೆ ತಿದ್ದುತ್ತಿಲ್ಲ.