ಎದೆಯೊಳಗಿನ ನೀರು ತೋರಿಸಿದ ‘ಧೂಮಕೇತು’

ಮಧ್ಯರಾತ್ರಿ ಮನೆಯ ಹಿರಿಯರಿಗೆ ಉಸಿರು ಕಟ್ಟುತ್ತದೆ. ಮಲಗಲು ಆಗುವುದಿಲ್ಲ, ಎದ್ದು ಕೂತರೆ ಸ್ವಲ್ಪ ವಾಸಿ. ‘ದಮ್ಮು ಕೆರಳಿದೆ’ ಅನ್ನುತ್ತೇವೆ. ಆದರೆ ಸೋತ ಹೃದಯವೂ ಹೀಗೇ ಕಾಡುತ್ತದೆ. ಹೃದಯ ರಕ್ತವನ್ನು ಸರಿಯಾಗಿ ಮುಂದಕ್ಕೆ ತಳ್ಳದಿದ್ದರೆ ಹಿಂದೆ ಒತ್ತಡ ಹೆಚ್ಚಿ ಶ್ವಾಸಕೋಶದಲ್ಲಿ ನೀರು ಸೇರುತ್ತದೆ. ದಮ್ಮಿಗೆ ಉಸಿರುನಾಳ ಅಗಲಿಸುವ ಔಷಧ ಬೇಕು, ಇದಕ್ಕೆ ನೀರು ಇಳಿಸುವ ಇಂಜೆಕ್ಷನ್ ಬೇಕು. ಯಾವುದು ಎಂದು ಎಮರ್ಜೆನ್ಸಿ ಡಾಕ್ಟರು ಬೇಗ ತೀರ್ಮಾನಿಸಬೇಕು.

1816ರಲ್ಲಿ ಫ್ರಾನ್ಸಿನ ಲಾಯೆನೆಕ್ ಸ್ಟೆತಸ್ಕೋಪ್ ಕಂಡುಹಿಡಿದ ಮೇಲೆ ಬಹುಕಾಲ ಕಿವಿಯೇ ಆಧಾರ. ಆಮೇಲೆ ಎಕ್ಸ್‌ರೇ ಬಂತು. ಹೃದಯದ ಅಲ್ಟ್ರಾಸೌಂಡ್ ಶುರುವಾದದ್ದು ಹಡಗು ಕಾರ್ಖಾನೆಯಿಂದ ಅಂದರೆ ನಂಬುತ್ತೀರಾ? ಸ್ವೀಡನ್ನಿನ ಲುಂಡ್ ಊರಿನ ಹೃದಯ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುಟ್ ಹರ್ಟ್ಸ್ 1953ರಲ್ಲಿ ಮಾಲ್ಮೊದ ಹಡಗು ಕಾರ್ಖಾನೆಯಿಂದ ಒಂದು ಯಂತ್ರವನ್ನು ಎರವಲು ತಂದರು. ಶಬ್ದದ ಅಲೆ ಬಿಟ್ಟು ಲೋಹದೊಳಗಿನ ಬಿರುಕು ಹುಡುಕುವ ಯಂತ್ರ ಅದು. ಅದೇ ವರ್ಷ ಅಕ್ಟೋಬರ್ 29ರಂದು ಬಡಿಯುವ ಹೃದಯದ ಚಲನೆಯನ್ನು ಅವರು ದಾಖಲಿಸಿದರು.

ಶ್ವಾಸಕೋಶದ ಗೋಜಿಗೆ ಮಾತ್ರ ಹೆಚ್ಚಿನವರು ಹೋಗಲಿಲ್ಲ. ಅಲ್ಲಿರುವುದು ಗಾಳಿ, ಗಾಳಿಯಲ್ಲಿ ಈ ಅಲೆ ಸಾಗದು, ಪರದೆ ಮೇಲೆ ಬರುವುದೆಲ್ಲ ಕಸ ಎಂಬುದು ಪಾಠ.

ಪ್ಯಾರಿಸ್ ಪಕ್ಕದ ಆಂಬ್ರಾಜ್ ಪಾರೆ ಆಸ್ಪತ್ರೆಯ ಐಸಿಯು ವೈದ್ಯ ಡೇನಿಯಲ್ ಲಿಕ್ಟೆನ್‌ಸ್ಟೈನ್ ಆ ಕಸವನ್ನೇ ಗಮನಿಸಿದರು. ಒಣ ಶ್ವಾಸಕೋಶದಲ್ಲಿ ಅಡ್ಡಗೆರೆಗಳು. ನೀರು ಸೇರಿದಾಗ ಮೇಲಿಂದ ಕೆಳಗಿನವರೆಗೆ ಹೊಳೆಯುವ ಉದ್ದ ಗೆರೆಗಳು, ಧೂಮಕೇತುವಿನ ಬಾಲದಂತೆ. ಅವರ ತಂಡ 1997ರಲ್ಲಿ ಇದನ್ನು ಪ್ರಕಟಿಸಿತು. ಈಗ ಇವಕ್ಕೆ ‘ಬಿ ಗೆರೆ’ ಎಂದು ಹೆಸರು. ಎದೆಯ ಎರಡೂ ಕಡೆ, ಒಂದೊಂದು ನೋಟದಲ್ಲಿ ಮೂರೋ ಹೆಚ್ಚೋ ಗೆರೆ ಕಂಡರೆ ಅನುಮಾನ ಹೃದಯದ ಮೇಲೆ ಹೋಗುತ್ತದೆ. ಮಂಚದ ಪಕ್ಕದಲ್ಲೇ, ಕೆಲವೇ ನಿಮಿಷದ ಕೆಲಸ.

2008ರಲ್ಲಿ ಅವರು ಉಸಿರಾಟದ ತೊಂದರೆಯ 260 ರೋಗಿಗಳ ಲೆಕ್ಕ ಕೊಟ್ಟರು: ಈ ಕ್ರಮದಿಂದ ಶೇ. 90.5ರಷ್ಟು ಮಂದಿಯಲ್ಲಿ ರೋಗದ ಗುರುತು ಸರಿಯಾಗಿತ್ತು. ನನಗೆ ಹೆಚ್ಚು ತೂಕದ್ದಾಗಿ ಕಂಡದ್ದು 2015ರ ಇಟಲಿಯ ಅಧ್ಯಯನ. ಅದು ನಡೆದದ್ದು ಏಳು ಎಮರ್ಜೆನ್ಸಿ ವಿಭಾಗಗಳಲ್ಲಿ, ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ. ನಿಜಕ್ಕೂ ಹೃದಯ ಸೋತಿದ್ದ ನೂರು ಜನರಲ್ಲಿ ಮಾಮೂಲಿ ತಪಾಸಣೆ ಸುಮಾರು 85 ಮಂದಿಯನ್ನು ಹಿಡಿದರೆ, ಜೊತೆಗೆ ಈ ಸ್ಕ್ಯಾನ್ ಮಾಡಿದಾಗ 97 ಮಂದಿ ಸಿಕ್ಕರು. ಹಾಗಂತ ಗೆರೆಯೊಂದೇ ಸಾಲದು. ನ್ಯುಮೋನಿಯಾದಲ್ಲೂ ಅದು ಕಾಣುತ್ತದೆ, ಹಾಗಾಗಿ ಹೃದಯವನ್ನೂ ನೋಡುತ್ತಾರೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಇತಿಹಾಸ ಅಂಟಿಕೊಂಡಿದೆ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಕಾಯ್ದೆ ಬಂತು. ಹೆಣ್ಣುಭ್ರೂಣಗಳ ಹತ್ಯೆ ನಡೆಯುತ್ತಿದ್ದ ಕಾಲ, ಕಾಯ್ದೆ ಬೇಕೇ ಇತ್ತು. 2012ರ ನಿಯಮದಂತೆ, ಕೈಯಲ್ಲಿ ಹಿಡಿದೊಯ್ಯುವ ಅಲ್ಟ್ರಾಸೌಂಡನ್ನು ಒಳರೋಗಿ ಸೌಲಭ್ಯವಿರುವ ನೋಂದಾಯಿತ ಆಸ್ಪತ್ರೆಯೊಳಗೆ ಅಥವಾ ನೋಂದಾಯಿತ ಸಂಚಾರಿ ವೈದ್ಯಕೀಯ ಘಟಕದಲ್ಲಿ ಮಾತ್ರ ಬಳಸಬೇಕು. ಎದೆ ನೋಡಲು ತಂದ ಯಂತ್ರಕ್ಕೂ ಅದೇ ನೋಂದಣಿ, ಅದೇ ಕಟ್ಟುಪಾಡು.