ವಿಧಿ, ಕೃಪೆ ಮತ್ತು ಪುರುಷಪ್ರಯತ್ನ: ಕ್ರೈಸ್ತ ಚಿಂತನೆಯ ಚರಿತ್ರೆಯಲ್ಲಿ ಒಂದು ದೀರ್ಘ ವಾದ

ಬೆಂಗಳೂರಿನ ಪೂರ್ವಭಾಗದಲ್ಲಿ, ಇಂದಿರಾನಗರಕ್ಕೆ ಸಮೀಪದಲ್ಲಿ, ಜೀವನ್ ಬಿಮಾ ನಗರವೆಂಬ ಬಡಾವಣೆಯಿದೆ. 1956ರಲ್ಲಿ ಸ್ಥಾಪಿತವಾದ ಭಾರತೀಯ ಜೀವ ವಿಮಾ ನಿಗಮದ ವಸತಿಗೃಹಗಳಿಂದ ಅದಕ್ಕೆ ಈ ಹೆಸರು ಬಂದಿತು. ಜೀವ ವಿಮೆ ಎಂಬ ಮಾತಿನಲ್ಲಿಯೇ ಒಂದು ತಾತ್ತ್ವಿಕ ಪ್ರಶ್ನೆ ಅಡಗಿದೆ. ಮರಣವೆಂದು ಬರುವುದೆಂಬುದನ್ನು ಯಾರೂ ಅರಿಯರು. ಆದರೂ ಗೃಹಸ್ಥನು ತನ್ನವರಿಗಾಗಿ ಇಂದೇ ಏನನ್ನಾದರೂ ಕಾದಿರಿಸುತ್ತಾನೆ. ಬರಬೇಕಾದುದು ಬಂದೇ ತೀರುವುದಾದರೆ ಈ ಪ್ರಯತ್ನವೇಕೆ? ಪ್ರಯತ್ನವೇ ಸರ್ವಸ್ವವಾದರೆ ಎಷ್ಟೋ ಪ್ರಯತ್ನಗಳು ವಿಫಲವಾಗುವುದೇಕೆ?

ಈ ಪ್ರಶ್ನೆಗೂ ವಿಮೆಯ ಚರಿತ್ರೆಗೂ ಒಂದು ವಿಸ್ಮಯಕರ ಸಂಬಂಧವಿದೆ. ಲೆಕ್ಕಾಚಾರದ ಆಧಾರದ ಮೇಲೆ ನಿಂತ ಮೊದಲ ವಿಮಾನಿಧಿಗಳಲ್ಲೊಂದನ್ನು 1744ರಲ್ಲಿ ಸ್ಥಾಪಿಸಿದವರು ಸ್ಕಾಟ್ಲೆಂಡಿನ ಪಾದ್ರಿಗಳು. ರಾಬರ್ಟ್ ವ್ಯಾಲೇಸ್ ಮತ್ತು ಅಲೆಗ್ಸಾಂಡರ್ ವೆಬ್‌ಸ್ಟರ್ ಎಂಬ ಇಬ್ಬರು ಪಾದ್ರಿಗಳು, ಗಣಿತಜ್ಞ ಕಾಲಿನ್ ಮೆಕ್ಲಾರಿನ್ನನ ನೆರವಿನಿಂದ, ಮೃತ ಪಾದ್ರಿಗಳ ವಿಧವೆಯರಿಗೂ ಅನಾಥ ಮಕ್ಕಳಿಗೂ ಆಧಾರವಾಗುವ ನಿಧಿಯನ್ನು ರೂಪಿಸಿದರು. ಯಾರು ರಕ್ಷಣೆ ಹೊಂದುವರೆಂಬುದನ್ನು ದೇವರು ಸೃಷ್ಟಿಗೂ ಮೊದಲೇ ನಿರ್ಣಯಿಸಿದ್ದಾನೆ ಎಂಬುದೇ ಆ ಪಾದ್ರಿಗಳ ಸಭೆಯ ಅಂಗೀಕೃತ ಸಿದ್ಧಾಂತ! ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ 1866ರಿಂದ ನಿಂತಿರುವ ಸೇಂಟ್ ಆಂಡ್ರೂಸ್ ದೇವಾಲಯವು ಇದೇ ಸ್ಕಾಟಿಷ್ ಪರಂಪರೆಗೆ ಸೇರಿದುದು. ಎಲ್ಲವೂ ಪೂರ್ವನಿಶ್ಚಿತವೆಂದು ನಂಬಿದವರು ನಾಳಿನ ಚಿಂತೆಯನ್ನು ಇಷ್ಟು ಶ್ರದ್ಧೆಯಿಂದ ಮಾಡಿದುದು ಹೇಗೆ? ಇದನ್ನರಿಯಲು ಕ್ರೈಸ್ತ ಚಿಂತನೆಯ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ನೋಡಬೇಕಾಗುತ್ತದೆ.

ಕ್ರಿ.ಶ. 5ನೆಯ ಶತಮಾನದ ಆರಂಭದಲ್ಲಿ ಬ್ರಿಟನ್ ಮೂಲದ ಪೆಲೇಜಿಯಸ್ ಎಂಬ ವಿರಕ್ತನು ರೋಮಿನಲ್ಲಿ ಬೋಧಿಸುತ್ತಿದ್ದನು. ದೇವರು ಒಳ್ಳೆಯವರಾಗಿರಿ ಎಂದು ಆಜ್ಞಾಪಿಸಿದ ಮೇಲೆ ಒಳ್ಳೆಯವನಾಗುವ ಶಕ್ತಿ ಮನುಷ್ಯನಲ್ಲಿ ಇರಲೇಬೇಕೆಂಬುದು ಅವನ ವಾದ. ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನನು (354–430) ಇದನ್ನು ತೀವ್ರವಾಗಿ ವಿರೋಧಿಸಿದನು. ತನ್ನ ಯೌವನದ ದೌರ್ಬಲ್ಯಗಳನ್ನು ಮರೆಮಾಚದೆ ಬರೆದಿಟ್ಟ ಅವನಿಗೆ, ಒಳಿತನ್ನು ಬಲ್ಲವನೂ ಅದನ್ನು ಮಾಡಲಾರನೆಂಬುದು ಸ್ವಾನುಭವದ ಮಾತಾಗಿತ್ತು. ಆದಿಪಾಪದಿಂದ ಮನುಷ್ಯನ ಇಚ್ಛೆಯೇ ರೋಗಗ್ರಸ್ತವಾಗಿದೆ. ದೇವರ ಕೃಪೆಯೇ ಮೊದಲು ಅದನ್ನು ಗುಣಪಡಿಸಬೇಕು ಎಂದು ಅವನು ಪ್ರತಿಪಾದಿಸಿದನು. 418ರ ಕಾರ್ತೇಜ್ ಸಭೆಯು ಪೆಲೇಜಿಯಸ್ಸನ ಮತವನ್ನು ಖಂಡಿಸಿತು. ಆದರೆ ಪ್ರಶ್ನೆ ಮುಗಿಯಲಿಲ್ಲ. ಕೃಪೆ ಕೆಲವರಿಗೆ ದೊರೆತು ಕೆಲವರಿಗೆ ದೊರೆಯದಿದ್ದರೆ ನ್ಯಾಯವೆಲ್ಲಿ?

16ನೆಯ ಶತಮಾನದ ಧರ್ಮಸುಧಾರಣೆಯಲ್ಲಿ ಈ ವಾದ ಮತ್ತೆ ಭುಗಿಲೆದ್ದಿತು. 1524ರಲ್ಲಿ ಎರಾಸ್ಮಸ್ ಇಚ್ಛಾಸ್ವಾತಂತ್ರ್ಯದ ಪರವಾಗಿ ಗ್ರಂಥ ಬರೆದರೆ, ಮರುವರ್ಷವೇ ಲೂಥರನು ಮಾನವೇಚ್ಛೆ ಬಂಧಿತವಾದುದೆಂದು ಉತ್ತರವಿತ್ತನು. ಜಿನೀವಾದ ಕ್ಯಾಲ್ವಿನ್ನನು ಪೂರ್ವನಿರ್ಣಯದ ತತ್ತ್ವವನ್ನು ವ್ಯವಸ್ಥಿತವಾಗಿ ನಿರೂಪಿಸಿದನು. ಕಥೋಲಿಕ ಸಭೆಯು 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಮಧ್ಯಮಾರ್ಗವೊಂದನ್ನು ಸಾರಿತು: ಕೃಪೆ ಮೊದಲು ಬರುತ್ತದೆ, ಆದರೆ ಮನುಷ್ಯನು ಅದಕ್ಕೆ ಸಮ್ಮತಿಸಿ ಸಹಕರಿಸಬೇಕು, ಅವನು ಅದನ್ನು ನಿರಾಕರಿಸಲೂ ಬಲ್ಲನು. ಈ ಸಹಕಾರ ಹೇಗೆ ನಡೆಯುತ್ತದೆಂಬ ಬಗ್ಗೆ ಡೊಮಿನಿಕನ್ ಮತ್ತು ಜೆಸುಇಟ್ ಪಂಥದವರಲ್ಲಿ ವಿವಾದವೆದ್ದಾಗ, ರೋಮಿನಲ್ಲಿ ಸುಮಾರು ಹತ್ತು ವರ್ಷ ವಿಚಾರಣೆ ನಡೆಯಿತು. 1607ರಲ್ಲಿ ಪೋಪ್ 5ನೆಯ ಪಾಲ್ ನೀಡಿದ ನಿರ್ಧಾರ ಗಮನಾರ್ಹವಾದುದು: ಒಬ್ಬರು ಇನ್ನೊಬ್ಬರನ್ನು ಪಾಷಂಡಿಗಳೆಂದು ನಿಂದಿಸಕೂಡದು.

ಈ ಸಂಯಮ ಎಲ್ಲೆಡೆ ಕಾಣಲಿಲ್ಲ. ಹಾಲೆಂಡಿನಲ್ಲಿ ಆರ್ಮಿನಿಯಸ್ಸನ ಅನುಯಾಯಿಗಳು, ದೇವರ ಕೃಪೆ ಸರ್ವರಿಗೂ ತೆರೆದಿದೆಯೆಂದೂ ಮನುಷ್ಯನು ಅದನ್ನು ತಡೆಯಬಲ್ಲನೆಂದೂ 1610ರಲ್ಲಿ ಮನವಿ ಸಲ್ಲಿಸಿದರು. 1618–19ರ ಡಾರ್ಟ್ ಸಭೆ ಅದನ್ನು ತಿರಸ್ಕರಿಸಿತು. ರಾಜಕೀಯ ವೈರವೂ ಇದರೊಡನೆ ಬೆರೆತು, ಅವರ ಪಕ್ಷಕ್ಕೆ ಆಶ್ರಯವಿತ್ತ ವೃದ್ಧ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟನು 1619ರಲ್ಲಿ ಶಿರಚ್ಛೇದಕ್ಕೆ ಗುರಿಯಾದನು. ಮೋಕ್ಷದ ಮಾರ್ಗವನ್ನು ಕುರಿತ ವಾದವೂ ಕಷಾಯಗಳಿಗೆ ವಶವಾದಾಗ ಹಿಂಸೆಯಲ್ಲಿ ಪರ್ಯವಸಾನವಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ದೊರೆಯುತ್ತದೆ. ಜಾನ್ ವೆಸ್ಲಿ ಮತ್ತು ಜಾರ್ಜ್ ವೈಟ್‌ಫೀಲ್ಡ್ ಆಕ್ಸ್‌ಫರ್ಡಿನ ದಿನಗಳಿಂದ ಸ್ನೇಹಿತರು. 1739ರಲ್ಲಿ ವೆಸ್ಲಿಯು ಪೂರ್ವನಿರ್ಣಯವಾದವನ್ನು ಖಂಡಿಸಿ ಪ್ರವಚನವಿತ್ತನು. ವೈಟ್‌ಫೀಲ್ಡನು ಅದನ್ನು ಬಹಿರಂಗವಾಗಿಯೇ ನಿರಾಕರಿಸಿದನು. ಮಾರ್ಗಗಳು ಬೇರೆಯಾದರೂ ಗೌರವ ಉಳಿಯಿತು. 1770ರಲ್ಲಿ ವೈಟ್‌ಫೀಲ್ಡನು ತೀರಿಕೊಂಡಾಗ, ಅವನ ಇಚ್ಛೆಯಂತೆಯೇ ಲಂಡನ್ನಿನಲ್ಲಿ ಸ್ಮರಣ ಪ್ರವಚನ ಮಾಡಿದವನು ವೆಸ್ಲಿ.

ಈ ಎರಡು ಧಾರೆಗಳೂ ಬೆಂಗಳೂರಿಗೆ ಬಂದವು. ಕ್ಯಾಲ್ವಿನ್ ಪರಂಪರೆಯ ಪ್ರಭಾವವಿದ್ದ ಲಂಡನ್ ಮಿಷನ್ 1820ರಲ್ಲಿ ಇಲ್ಲಿ ಕಾರ್ಯಾರಂಭ ಮಾಡಿತು. ಅದೇ ದಶಕದಲ್ಲಿ ವೆಸ್ಲಿಯ ಅನುಯಾಯಿಗಳೂ ನೆಲೆಯೂರಿದರು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಬೆಂಗಳೂರಿನಲ್ಲಿ ಅರ್ಧ ಶತಮಾನ ದುಡಿದರು. ಅವರ ಪುತ್ರ ಬಿ.ಎಲ್. ರೈಸ್ ಅವರೇ 1889ರಲ್ಲಿ ಶ್ರವಣಬೆಳ್ಗೊಳದ ಶಾಸನಗಳನ್ನು ಪ್ರಕಟಿಸಿ ಜೈನ ಸಮಾಜಕ್ಕೆ ಚಿರಸ್ಮರಣೀಯರಾದವರು. ಭಿನ್ನ ಸಿದ್ಧಾಂತಗಳ ಈ ಮಿಷನ್ನುಗಳು ಇತರ ಸಭೆಗಳೊಡಗೂಡಿ 1910ರಲ್ಲಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ತೆರೆದವು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಉದಯಿಸಿದಾಗ ಎರಡೂ ಪರಂಪರೆಗಳು ಒಂದೇ ಸಭೆಯೊಳಗೆ ಬಂದವು. ಮೂರು ಶತಮಾನಗಳ ಹಿಂದೆ ಸೆರೆಮನೆಗೂ ವಧಾಸ್ಥಾನಕ್ಕೂ ಒಯ್ದ ಭೇದವು ಇಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಾರ್ಥಿಸಲು ಅಡ್ಡಿಯಾಗಲಿಲ್ಲ.

ಸಿದ್ಧಾಂತವು ಆಚರಣೆಯನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ? ಗುಲಾಮಗಿರಿಯ ಪ್ರಶ್ನೆ ಇದಕ್ಕೆ ಒರೆಗಲ್ಲು. ಕೃಪೆ ಸರ್ವರಿಗೆಂದು ಸಾರಿದ ವೆಸ್ಲಿಯು 1774ರಲ್ಲಿ ಗುಲಾಮಗಿರಿಯನ್ನು ಖಂಡಿಸಿ ಬರೆದನು. 1781ರ ಪ್ರವಚನವೊಂದರಲ್ಲಿ ಅವನು ಮೂಕಪ್ರಾಣಿಗಳಿಗೂ ಬಿಡುಗಡೆಯುಂಟೆಂದು ಹೇಳಿ, ಅವುಗಳ ಮೇಲಿನ ಕ್ರೌರ್ಯಕ್ಕಾಗಿ ಮರುಗಿದನು. ವೈಟ್‌ಫೀಲ್ಡನಾದರೋ ಅನಾಥಾಲಯವನ್ನು ನಡೆಸಿಯೂ ಜಾರ್ಜಿಯಾದಲ್ಲಿ ಗುಲಾಮಗಿರಿಗೆ ಅನುಮತಿ ಬೇಕೆಂದು ವಾದಿಸಿದನು. ಇದರಿಂದ ಪೂರ್ವನಿರ್ಣಯವಾದವೇ ನಿರ್ದಯತೆಗೆ ಕಾರಣವೆಂದು ತೀರ್ಮಾನಿಸುವಂತಿಲ್ಲ. ಒಮ್ಮೆ ಗುಲಾಮರ ಹಡಗಿನ ನಾಯಕನಾಗಿದ್ದು ಬಳಿಕ ಪಾದ್ರಿಯಾದ ಜಾನ್ ನ್ಯೂಟನ್ ಕ್ಯಾಲ್ವಿನ್ ಮತದವನೇ; 1788ರಲ್ಲಿ ತನ್ನ ಅಪರಾಧವನ್ನು ಒಪ್ಪಿಕೊಂಡು ಆ ವ್ಯಾಪಾರದ ವಿರುದ್ಧ ಅವನು ಸಾಕ್ಷಿ ನುಡಿದನು.

ಈಗ ಸ್ಕಾಟ್ಲೆಂಡಿನ ಪಾದ್ರಿಗಳ ಒಗಟು ಬಿಡಿಸಲು ಬರುತ್ತದೆ. ದೇವರು ಫಲವನ್ನು ಮಾತ್ರವಲ್ಲದೆ ಸಾಧನವನ್ನೂ ನಿಯಮಿಸಿದ್ದಾನೆ ಎಂಬುದು ಅವರ ಮತ. ವಿಧವೆಯ ಯೋಗಕ್ಷೇಮಕ್ಕೆ ಸಾಧನ ನೆರೆಯವನ ಕೈಯೇ ಆಗಿರುವಾಗ, ವಿಧಿಯ ಹೆಸರಿನಲ್ಲಿ ಕೈಕಟ್ಟಿ ಕೂರಲು ಅಲ್ಲಿ ಅವಕಾಶವಿಲ್ಲ.

ಸೃಷ್ಟಿಕರ್ತನಾದ ಈಶ್ವರನನ್ನೂ ಅವನ ಕೃಪೆಯನ್ನೂ ಒಪ್ಪದ ಜೈನದರ್ಶನದ ಭೂಮಿಕೆ ಬೇರೆ. ಇಲ್ಲಿ ಕರ್ಮವು ಅನ್ಯರ ತೀರ್ಪಲ್ಲ. ಜೀವನ ಸ್ವಕೃತ ಪರಿಣಾಮದ ಫಲ. ಆದರೆ ಪ್ರಶ್ನೆ ಇಲ್ಲಿಯೂ ಎದ್ದಿತ್ತು. ಆಚಾರ್ಯ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ದೈವೈಕಾಂತವನ್ನೂ ಪೌರುಷೈಕಾಂತವನ್ನೂ ನಿರಾಕರಿಸಿದ್ದಾರೆ. ದೈವವೇ ಸರ್ವಸ್ವವಾದರೆ ಆ ದೈವವನ್ನು ರೂಪಿಸಿದ ಪೌರುಷವೆಲ್ಲಿ ಹೋಯಿತು? ಪೌರುಷವೇ ಸರ್ವಸ್ವವಾದರೆ ಸಮಸ್ತರ ಪ್ರಯತ್ನವೂ ಸಫಲವಾಗಬೇಕಿತ್ತಲ್ಲವೇ? ಬುದ್ಧಿಪೂರ್ವಕವಲ್ಲದೆ ಒದಗಿದುದರಲ್ಲಿ ದೈವವನ್ನೂ ಬುದ್ಧಿಪೂರ್ವಕವಾಗಿ ಸಾಧಿಸಿದುದರಲ್ಲಿ ಪೌರುಷವನ್ನೂ ಪ್ರಧಾನವಾಗಿ ಕಾಣಬೇಕೆಂಬುದು ಆಚಾರ್ಯರ ವಿವೇಕ.

ಕೃಪೆಯ ವಾದವು ಸಾಧಕನನ್ನು ಅಹಂಕಾರದಿಂದ ಕಾಯಬಯಸುತ್ತದೆ. ಪ್ರಯತ್ನದ ವಾದವು ಆಲಸ್ಯದಿಂದ. ಮನುಷ್ಯನಿಗೆ ಇವೆರಡೂ ಶತ್ರುಗಳೇ. ತನ್ನ ಸುಖವನ್ನು ಸ್ವಂತ ಪೌರುಷದ ಫಲವೆಂದೂ ಪರರ ದುಃಖವನ್ನು ಅವರವರ ವಿಧಿಯೆಂದೂ ಬಗೆಯುವುದು ಸುಲಭ. ಪರರ ಕಷ್ಟದಲ್ಲಿ ತನ್ನ ಕರ್ತವ್ಯವನ್ನೂ ತನ್ನ ಸುಖದಲ್ಲಿ ಪರರ ಉಪಕಾರವನ್ನೂ ಕಾಣುವುದು ಕಠಿಣ. ಯಾವ ದರ್ಶನವನ್ನು ಅವಲಂಬಿಸಿದವನಿಗಾದರೂ ಧರ್ಮದ ಪರೀಕ್ಷೆ ನಡೆಯುವುದು ಈ ಕಠಿಣ ಸ್ಥಳದಲ್ಲಿಯೇ.